ತಲಪಾಡಿ ದಾಟಿ ಬರುವ ಹಳೆ ಕಾರು: ಆರ್‌ಸಿಯಲ್ಲಿ ಯಾರ ಹೆಸರು?

ಕಾಸರಗೋಡು: ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರಿಗೆ ಹಳೆ ಕಾರೊಂದು ಬೇಕೆಂದಾದರೆ ಮೊದಲು ಕಣ್ಣು ಹೋಗುವುದು ಮಂಗಳೂರಿಗೆ. ಕಾಸರಗೋಡು ಪೇಟೆಯಿಂದ ಐವತ್ತು ಕಿಲೋಮೀಟರ್, ಅಷ್ಟೆ. ಅಲ್ಲಿ ಆಯ್ಕೆ ಜಾಸ್ತಿ, ಗುರುತಿನ ಮೆಕ್ಯಾನಿಕ್ ಯಾರಾದರೂ ಇರುತ್ತಾರೆ, ಚೌಕಾಸಿ ಕನ್ನಡದಲ್ಲೋ ತುಳುವಿನಲ್ಲೋ ಮುಗಿಯುತ್ತದೆ. 1956ರ ನವೆಂಬರ್ 1ರ ತನಕ ಈಚೆಯೂ ಆಚೆಯೂ ದಕ್ಷಿಣ ಕನ್ನಡವೆಂಬ ಒಂದೇ ಜಿಲ್ಲೆ. ಮದುವೆ, ಆಸ್ಪತ್ರೆ, ಕಾಲೇಜು ಯಾವುದಕ್ಕೂ ನಮ್ಮವರು ಇವತ್ತಿಗೂ ಗಡಿಯನ್ನು ಲೆಕ್ಕಕ್ಕಿಟ್ಟಿಲ್ಲ. ಆದರೆ ಕಾರಿಗೆ ಗಡಿ ಇದೆ. ಕೆಎ-19 ನಂಬರಿನ ಕಾರು ತಲಪಾಡಿ ದಾಟಿ ಬಂದು ಕೆಎಲ್-14ರ ಊರಲ್ಲಿ ನೆಲೆ ನಿಂತಿತೆಂದರೆ ಅದಕ್ಕೆ ಹೊಸದಾಗಿ ಜಾತಕ ಬರೆಸಬೇಕು. ಅದನ್ನು ಬರೆಸದೆ ವರ್ಷಗಟ್ಟಲೆ ಓಡಿಸುವವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ.

ಇಂಥವರಲ್ಲಿ ಕೇಳಿದರೆ ಸಿಗುವ ಉತ್ತರ ಒಂದೇ: "ಹನ್ನೆರಡು ತಿಂಗಳು ಟೈಮ್ ಉಂಟಲ್ಲ!" ಇದು ಅರ್ಧ ಸತ್ಯ. 1988ರ ಮೋಟಾರು ವಾಹನ ಕಾಯಿದೆಯ 47ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿಯ ಹೊಸ ನಂಬರ್ ಪಡೆಯಬೇಕು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ತನ್ನದೇ ಕಾರಿನಲ್ಲಿ ಊರಿಗೆ ಮರಳಿದವನಿಗೆ ಈ ಮಾತು ಸಲ್ಲುತ್ತದೆ. ಕಾರನ್ನು ಕೊಂಡುಕೊಂಡವನ ಕಥೆ ಬೇರೆ. ಅವನಿಗೆ ಅನ್ವಯಿಸುವುದು ಮಾಲಕತ್ವ ವರ್ಗಾವಣೆಯ 50ನೇ ಸೆಕ್ಷನ್. ಕೊಂಡವನು 30 ದಿನಗಳೊಳಗೆ ತಾನು ವಾಸವಿರುವ ಊರಿನ ಆರ್‌ಟಿಒ ಕಚೇರಿಗೆ ತಿಳಿಸಬೇಕು. ಮಾರಿದವನಿಗೂ ಗಡುವು ಇದೆ. ಅದೇ ರಾಜ್ಯದೊಳಗಿನ ಮಾರಾಟವಾದರೆ 14 ದಿನ, ಬೇರೆ ರಾಜ್ಯಕ್ಕಾದರೆ 45 ದಿನ. ತೆರಿಗೆಯ ಕಾನೂನು ಇವೆರಡರಿಂದಲೂ ಬೇರೆ. ಹನ್ನೆರಡು ತಿಂಗಳ ಮಾತು ನಂಬರ್ ಪ್ಲೇಟಿಗೆ ಸಂಬಂಧಿಸಿದ್ದೇ ಹೊರತು ಅದನ್ನು ತೋರಿಸಿ ತೆರಿಗೆ ತಪ್ಪಿಸಿಕೊಳ್ಳಲಾಗದು.

ಕಾರು ರಾಜ್ಯ ಬದಲಿಸಬೇಕಾದರೆ ಮೊದಲ ಕಾಗದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ. ಇದನ್ನು ಕೊಡುವುದು ಕಾರು ಈಗ ಯಾವ ಕಚೇರಿಯ ಪುಸ್ತಕದಲ್ಲಿದೆಯೋ ಆ ಕಚೇರಿ. ಮಂಗಳೂರಿನ ಕಾರಾದರೆ ಮಂಗಳೂರು, ಪುತ್ತೂರಿನ ಕೆಎ-21 ಆದರೆ ಪುತ್ತೂರು. ಅರ್ಜಿ ಫಾರಂ 28ರಲ್ಲಿ, ಹಾಕಬೇಕಾದವನು ಮಾರುವವನು. ತೆರಿಗೆ ಬಾಕಿ, ದಂಡ ಬಾಕಿ, ಕಳವಿನ ದೂರು ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಎನ್‌ಒಸಿ ಹೊರಡುತ್ತದೆ. ಕಾರಿನ ಮೇಲೆ ಸಾಲವಿದ್ದರೆ ಸಾಲ ತೀರಿದ ಪತ್ರ ಮತ್ತು ಬ್ಯಾಂಕಿನ ಸಹಿಯಿರುವ ಫಾರಂ 35 ಕೊಟ್ಟು ಆರ್‌ಸಿಯಲ್ಲಿರುವ ಬ್ಯಾಂಕಿನ ಹೆಸರನ್ನು ತೆಗೆಸಬೇಕು. ಸಾಲ ಕಟ್ಟಿ ಮುಗಿಸಿ ಹತ್ತು ವರ್ಷವಾದರೂ ಈ ಒಂದು ಕೆಲಸ ಮರೆತವರು ಎಷ್ಟೋ ಮಂದಿ. ಮಾರುವ ಹೊತ್ತಿಗೆ ಆ ಬ್ಯಾಂಕೇ ಇನ್ನೊಂದರಲ್ಲಿ ವಿಲೀನವಾಗಿರುತ್ತದೆ. ಎನ್‌ಒಸಿ ಬಂದ ಮೇಲೆ ಇಲ್ಲಿಯ ಕಚೇರಿಯಲ್ಲಿ ವರ್ಗಾವಣೆಯ 29 ಮತ್ತು 30ನೇ ಫಾರಂಗಳು, ಹೊಸ ನಂಬರಿಗೆ 27ನೇ ಫಾರಂ. ಕಾರನ್ನೂ ಕೊಂಡೊಯ್ದು ತೋರಿಸಬೇಕು. ಎಂಜಿನ್ ನಂಬರ್, ಚಾಸಿ ನಂಬರ್ ತಾಳೆಯಾಗಬೇಕು.

ಈಗ ಅರ್ಜಿಗಳೆಲ್ಲ 'ಪರಿವಾಹನ್' ಜಾಲತಾಣದ ಮೂಲಕ. ಆರ್‌ಸಿ ಮಾಲಕನ ಮೊಬೈಲಿಗೆ ಬರುವ ಒಟಿಪಿ ಇಲ್ಲದೆ ಅರ್ಜಿ ಮುಂದೆ ಹೋಗದು. ನಮ್ಮ ಜಿಲ್ಲೆಗೆ ಇದೊಂದು ದೊಡ್ಡ ತಲೆಬಿಸಿ. ಕಾರು ದುಬಾಯಿಯಲ್ಲಿರುವ ಮಗನ ಹೆಸರಿನಲ್ಲಿರುತ್ತದೆ, ಅವನ ಊರಿನ ಸಿಮ್ ಕಾರ್ಡ್ ಸತ್ತು ಎರಡು ವರ್ಷವಾಗಿರುತ್ತದೆ, ಕಾರು ಮಾರಲು ಹೊರಟವರು ಅಪ್ಪ. ವ್ಯಾಪಾರದ ಮಾತು ಆರಂಭಿಸುವ ಮೊದಲೇ ಮೊಬೈಲ್ ನಂಬರ್ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಇನ್ನು ತೆರಿಗೆ. ಹೊಸ ಕಾರಿಗೆ ಕರ್ನಾಟಕ ಜೀವಾವಧಿ ತೆರಿಗೆ ವಸೂಲು ಮಾಡಿರುತ್ತದೆ. ಕೇರಳದಲ್ಲಿ 15 ವರ್ಷದ ತೆರಿಗೆಯನ್ನು ಒಮ್ಮೆಗೇ ಕಟ್ಟಿಸಿಕೊಳ್ಳುತ್ತಾರೆ. ಕರ್ನಾಟಕಕ್ಕೆ ಕಟ್ಟಿದ್ದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ಮತ್ತೆ ಕಟ್ಟಬೇಕು. ಕಾರಿನ ವಯಸ್ಸಿಗೆ ತಕ್ಕಂತೆ ಪ್ರಮಾಣ ಇಳಿಯುತ್ತದೆ ಅನ್ನುವುದೊಂದೇ ಸಮಾಧಾನ. ಬಹಳ ಮಂದಿ ಮೋಸ ಹೋಗುವುದು ಇಲ್ಲೇ. ತೆರಿಗೆಯ ಲೆಕ್ಕ ಹಿಡಿಯುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಹೊಸತರಲ್ಲಿ 8 ಲಕ್ಷವಿದ್ದ ಕಾರನ್ನು ನೀವು ಎರಡೂವರೆ ಲಕ್ಷಕ್ಕೆ ತಂದಿರಬಹುದು, ಕಚೇರಿಯವರ ಮುಂದಿರುವುದು ಆ 8 ಲಕ್ಷವೇ. ಮಂಗಳೂರಲ್ಲಿ ಮೂವತ್ತು ನಲವತ್ತು ಸಾವಿರ ಕಡಿಮೆಗೆ ಸಿಕ್ಕಿತೆಂದು ಹಿಗ್ಗುವವರು ಈ ಮೊತ್ತವನ್ನು ಮೊದಲೇ ವಿಚಾರಿಸಿ ಕೂಡಿಸಿ ನೋಡಬೇಕು. ಎಷ್ಟೋ ಸಲ ಕಾಸರಗೋಡಿನಲ್ಲೇ ಸ್ವಲ್ಪ ಹೆಚ್ಚು ಕೊಟ್ಟು ಕೆಎಲ್ ನಂಬರಿನ ಕಾರು ಕೊಳ್ಳುವುದೇ ಅಗ್ಗ.

ಕರ್ನಾಟಕಕ್ಕೆ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ವಾಪಸು ಪಡೆಯುವ ದಾರಿ ಇದೆ. ಕೇರಳದಲ್ಲಿ ಮರುನೋಂದಣಿಯಾದ ಪುರಾವೆಯೊಂದಿಗೆ ಆ ಕಡೆಯ ಕಚೇರಿಗೆ ಅರ್ಜಿ ಹಾಕಬೇಕು. ವರ್ಷ ಕಳೆದಷ್ಟೂ ಮೊತ್ತ ಕರಗುತ್ತದೆ. ನಾಲ್ಕೈದು ವರ್ಷದ ಕಾರಾದರೆ ಕೇಳುವಷ್ಟು ಹಣವಿರುತ್ತದೆ. ಅದು ಮಾರಿದವನಿಗೋ ಕೊಂಡವನಿಗೋ ಎಂದು ಮೊದಲೇ ಕಾಗದದಲ್ಲಿ ಬರೆದುಕೊಂಡರೆ ಆಮೇಲೆ ಮುಖ ನೋಡದ ಹಾಗೆ ಆಗುವುದು ತಪ್ಪುತ್ತದೆ.

ಇಷ್ಟೆಲ್ಲ ಕೊಂಡವನ ಪಾಡಾಯಿತು. ನನ್ನ ಮಟ್ಟಿಗೆ ಹೆಚ್ಚು ಅಪಾಯದಲ್ಲಿರುವವನು ಮಾರಿದವನು. ಸಹಿ ಮಾಡಿದ ಖಾಲಿ ಫಾರಂಗಳನ್ನು ಬ್ರೋಕರ್ ಕೈಗೆ ಕೊಟ್ಟು, ಹಣ ಎಣಿಸಿಕೊಂಡು, ಕಾರಿನ ಋಣ ತೀರಿತು ಎಂದು ಮನೆಗೆ ಬರುವುದು ನಮ್ಮಲ್ಲಿ ಹಳೆ ಅಭ್ಯಾಸ. ಕಾನೂನಿನ ಕಣ್ಣಿಗೆ ಋಣ ತೀರಿಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣವೊಂದನ್ನು ನೋಡಿ. ಮಾಲಕ ಕಾರು ಮಾರಿದ್ದು 2007ರಲ್ಲಿ. ಆಮೇಲೆ ಅದು ಕೈಯಿಂದ ಕೈಗೆ ದಾಟಿತು. ಯಾರೂ ಹೆಸರು ಬದಲಿಸಲಿಲ್ಲ. 2009ರಲ್ಲಿ ಆ ಕಾರು ಅಪಘಾತ ಮಾಡಿ ಒಂದು ಜೀವ ಹೋಯಿತು. ಪರಿಹಾರ ಕೊಡಬೇಕಾದವರು ಯಾರು? ಅಪಘಾತದ ದಿನ ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿತ್ತೋ ಅವರೇ ಎಂದಿತು ಸುಪ್ರೀಂ ಕೋರ್ಟ್. ಎರಡು ವರ್ಷದಿಂದ ಆ ಕಾರಿನ ಮುಖವನ್ನೇ ನೋಡದವನ ಹೆಗಲಿಗೆ ಹೊಣೆ ಬಿತ್ತು. ಪರಿಹಾರ ಕೇಳಿ ಬಂದ ಸಂತ್ರಸ್ತರು ಕಾರು ಯಾರ್‍ಯಾರ ಕೈ ದಾಟಿತೆಂದು ಹುಡುಕಿಕೊಂಡು ಅಲೆಯುವಂತಾಗಬಾರದು ಎಂಬುದು ನ್ಯಾಯಾಲಯದ ತರ್ಕ. ಒಪ್ಪತಕ್ಕ ಮಾತು.

ಕೇರಳದಲ್ಲಿ 2023ರ ಜೂನ್ 5ರಿಂದ ಎಐ ಕ್ಯಾಮರಾಗಳ ದಂಡ ಶುರುವಾದ ಮೇಲೆ ಇದೇ ಪಾಠ ಸಣ್ಣ ಮಟ್ಟದಲ್ಲಿ ಬಹಳ ಮನೆಗಳಿಗೆ ತಲುಪಿದೆ. ಸೀಟ್ ಬೆಲ್ಟ್ ಹಾಕದೆ ಹೋದವನು ಯಾರೋ, ನೋಟಿಸ್ ಬರುವುದು ಆರ್‌ಸಿಯಲ್ಲಿರುವ ಹೆಸರಿಗೆ.

ವ್ಯಾಪಾರಿಯ ಮೂಲಕ ಮಾರುವವರಿಗೆ ಒಂದು ರಕ್ಷಣೆ ಬಂದಿದೆ. 2022ರ ಡಿಸೆಂಬರಿನಲ್ಲಿ ಹೊರಡಿಸಿ 2023ರ ಏಪ್ರಿಲ್ 1ರಿಂದ ಜಾರಿಗೆ ತಂದ ಕೇಂದ್ರದ ನಿಯಮದಂತೆ, ಆರ್‌ಟಿಒ ಅಧಿಕಾರ ಪತ್ರ ಪಡೆದ ಹಳೆ ವಾಹನ ವ್ಯಾಪಾರಿಗೆ ಕಾರು ಒಪ್ಪಿಸಿ ಆನ್‌ಲೈನ್‌ನಲ್ಲಿ ತಿಳಿಸಿದರೆ ಅಲ್ಲಿಂದ ಮುಂದೆ ಆ ವ್ಯಾಪಾರಿಯನ್ನೇ ಮಾಲಕನೆಂದು ಪರಿಗಣಿಸಲಾಗುತ್ತದೆ. ಹಾಗಾಗಿ ವ್ಯಾಪಾರಿಯಲ್ಲಿ ಅಧಿಕಾರ ಪತ್ರ ಇದೆಯೇ ಎಂದು ಕೇಳಬೇಕು. ಕೇಳಿದರೆ ಬೇಸರ ಮಾಡಿಕೊಳ್ಳುವವನ ಸಹವಾಸ ಬೇಡ.

ಕಾಗದದ ಮಾತು ಹೀಗಾದರೆ ಪ್ರೀತಿಯ ಮಾತು ಇನ್ನೊಂದು. ಹಳೆ ಕಾರಿನ ಹುಚ್ಚು ಹಿಡಿದವರಿಗೆ ಎನ್‌ಒಸಿ ಬಗ್ಗೆ ಹೇಳಿದರೆ ಕಿವಿಗೆ ಬೀಳುವುದಿಲ್ಲ. ಅಂಬಾಸಡರ್ ಎಂದರೆ ಸಾಕು, ಅವರ ಮುಖ ಅರಳುತ್ತದೆ. ಮಾರಿಸ್ ಆಕ್ಸ್‌ಫರ್ಡ್ ಎಂಬ ಇಂಗ್ಲಿಷ್ ಕಾರಿನ ಅಚ್ಚಿನಲ್ಲಿ ಐವತ್ತರ ದಶಕದ ಕೊನೆಗೆ ಕಲ್ಕತ್ತಾ ಬಳಿಯ ಉತ್ತರಪಾಡಾದಲ್ಲಿ ಆರಂಭವಾದ ಅಂಬಾಸಡರ್ ತಯಾರಿ ನಿಂತದ್ದು 2014ರ ಮೇ ತಿಂಗಳಲ್ಲಿ. ಫಿಯೆಟ್ 1100ರ ವಂಶದ ಪ್ರೀಮಿಯರ್ ಪದ್ಮಿನಿ ಅದಕ್ಕಿಂತ ಮೊದಲೇ ಮರೆಯಾಯಿತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾಗಿ ಉಳಿದಿದ್ದ ಪದ್ಮಿನಿಗಳೂ 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ನಿಂತದ್ದು 2014ರ ಜನವರಿಯಲ್ಲಿ. ಗುಡ್ಡದ ಮನೆಯ ಕಚ್ಚಾ ರಸ್ತೆಯಲ್ಲಿ ಅಡಿಕೆ ಮೂಟೆ ಹೊತ್ತು ಹತ್ತುತ್ತಿದ್ದ ಮಹೀಂದ್ರಾ ಜೀಪಿನ ಮಾತು ತೆಗೆದರಂತೂ ರಾತ್ರಿ ಬೆಳಗಾದೀತು!

ತಯಾರಿ ನಿಂತಿತೆಂದ ಮಾತ್ರಕ್ಕೆ ಕಾರು ಅನಾಥವಾಗುವುದಿಲ್ಲ. ಅದರ ಎಂಜಿನ್ ಇನ್ನು ಯಾವ ಕಾರಿನಲ್ಲಿತ್ತು ಎಂದು ನೋಡಬೇಕು. ಮಾರುತಿ 800ರ 796 ಸಿಸಿ ಎಂಜಿನ್ ಓಮ್ನಿಯಲ್ಲೂ ಇತ್ತು. ಓಮ್ನಿ 2019ರ ತನಕ ತಯಾರಾಯಿತು. ಹಾಗಾಗಿ ಬಿಡಿಭಾಗಗಳಿಗೆ ಬರವಿಲ್ಲ, ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್ ಊರೂರಿನಲ್ಲಿದ್ದಾನೆ. ಫಿಯೆಟ್ ಪುಂಟೊ, ಲೀನಿಯಾ ಡೀಸೆಲ್ ಕಾರುಗಳು ಹಳತರಲ್ಲಿ ಬಲು ಅಗ್ಗ, ಏಕೆಂದರೆ ಕಂಪನಿಯೇ ಇಲ್ಲಿ ಫಿಯೆಟ್ ಹೆಸರಿನ ಕಾರು ಮಾರುವುದನ್ನು ಬಿಟ್ಟಿದೆ. ಆದರೆ ಅವುಗಳ 1.3 ಲೀಟರ್ ಡೀಸೆಲ್ ಎಂಜಿನ್ ಸ್ವಿಫ್ಟ್ ಡೀಸೆಲ್‌ನಲ್ಲೂ ಇಂಡಿಕಾ ವಿಸ್ತಾದಲ್ಲೂ ಇದ್ದ ಎಂಜಿನ್ನೇ. ಎಂಜಿನ್ ರಿಪೇರಿ ಕಷ್ಟವಲ್ಲ. ಕಷ್ಟ ಬರುವುದು ಹೆಡ್‌ಲೈಟ್ ಒಡೆದಾಗ, ಬಂಪರ್ ಜಜ್ಜಿದಾಗ, ಬಾಗಿಲ ಗಾಜು ಹೋದಾಗ. ಕಾಂಟೆಸ್ಸಾದ ಕಥೆಯೂ ಅದೇ. ಅದರ 1.8 ಲೀಟರ್ ಇಸುಝು ಪೆಟ್ರೋಲ್ ಎಂಜಿನ್ ಅಂಬಾಸಡರ್‌ನಲ್ಲೂ ಇತ್ತು, ಆದರೆ 2002ರ ಹೊತ್ತಿಗೆ ನಿಂತುಹೋದ ಆ ಕಾರಿನ ಬಾನೆಟ್ ಒಂದನ್ನು ಹುಡುಕಿ ನೋಡಿ! ಹಳೆ ಮಾಡೆಲ್ ಕೊಳ್ಳುವವರು ಎಂಜಿನ್ನಿನ ಸದ್ದು ಕೇಳುವುದರ ಜೊತೆಗೆ ರಬ್ಬರ್ ಬೀಡಿಂಗ್, ಗಾಜು, ಲೈಟುಗಳನ್ನು ಎಣಿಸಿ ನೋಡುವುದು ಲೇಸು.

ಈಗ ಎಲ್ಲೆಡೆ ಸಿಗುವ ಪೆಟ್ರೋಲಿನಲ್ಲಿ ಶೇ. 20ರ ವರೆಗೆ ಎಥನಾಲ್ ಇದೆ. ಕಾರ್ಬ್ಯುರೇಟರ್ ಕಾಲದ ಕಾರುಗಳನ್ನು ಇದನ್ನು ಎಣಿಸಿ ಕಟ್ಟಿದ್ದಲ್ಲ. ಪೆಟ್ರೋಲ್ ಹಾಯುವ ರಬ್ಬರ್ ಪೈಪುಗಳು, ಗ್ಯಾಸ್ಕೆಟ್‌ಗಳು ಬೇಗ ಹಾಳಾಗಬಹುದು. ಎಥನಾಲ್ ನೀರು ಹೀರುವ ಗುಣದ್ದು. ತಿಂಗಳುಗಟ್ಟಲೆ ನಿಲ್ಲಿಸಿಡುವ ಕಾರಿನ ಟ್ಯಾಂಕಿನಲ್ಲಿ, ಅದೂ ನಮ್ಮ ಮಳೆಗಾಲದಲ್ಲಿ, ತುಕ್ಕಿಗೆ ಇದು ಆಹ್ವಾನ ಕೊಟ್ಟ ಹಾಗೆ.

ಮಳೆ ಎಂದಾಗ ಮುಳುಗಿದ ಕಾರುಗಳ ವಿಚಾರ. 2015ರ ಚೆನ್ನೈ ನೆರೆ, 2018ರ ಆಗಸ್ಟ್‌ನ ಕೇರಳ ನೆರೆಗಳಲ್ಲಿ ನೀರು ಕುಡಿದ ಕಾರುಗಳು ತೊಳೆದು, ಪೈಂಟ್ ಬಳಿದು, ಮತ್ತೆ ಪೇಟೆಗೆ ಬಂದವು. ಪತ್ತೆ ಹಚ್ಚಲು ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ಸುತ್ತಿಕೊಂಡ ಒಳಭಾಗವನ್ನು ಯಾರೂ ತೊಳೆದಿರುವುದಿಲ್ಲ, ಅಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅಡಿಯ ಗುಂಡಿ ನೋಡಿ. ಸಮುದ್ರದ ಬದಿಯಲ್ಲೇ ಓಡಿದ ಕಾರಾದರೆ ಬಾಗಿಲಿನ ಕೆಳ ಅಂಚು, ಮಡ್‌ಗಾರ್ಡಿನ ಒಳಮಗ್ಗುಲು ಉಪ್ಪುಗಾಳಿಗೆ ತಿಂದುಹೋಗಿರುತ್ತದೆ. ಹೊಸ ಪೈಂಟಿನ ಹೊಳಪಿಗೆ ಮರುಳಾದರೆ ಟಿಂಕರಿಂಗ್‌ನವನಿಗೆ ಲಾಭ.

ದಿಲ್ಲಿಯಿಂದ ಬರುವ ಕಾರುಗಳಿಗೂ ಹೀಗೆ ಒಂದು ಹಿನ್ನೆಲೆ ಇದೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳನ್ನು ಹಸಿರು ನ್ಯಾಯಮಂಡಳಿ ನಿಷೇಧಿಸಿದ್ದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ವಯಸ್ಸು ಸಮೀಪಿಸಿದ ಕಾರುಗಳು ದಕ್ಷಿಣಕ್ಕೆ ಇಳಿದವು. ಕೇರಳ, ಕರ್ನಾಟಕಗಳಲ್ಲಿ ಖಾಸಗಿ ಕಾರಿಗೆ ಅಂಥ ನಿಷೇಧವಿಲ್ಲ. ಇಲ್ಲಿ 15 ವರ್ಷವೆಂದರೆ ಮೊದಲ ನೋಂದಣಿ ಮುಗಿದಂತೆ; ಪರೀಕ್ಷೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸುತ್ತಾ ಹೋಗಬಹುದು. ಶುಲ್ಕ ಮಾತ್ರ ಏರಿದೆ. ಕಾರಿಗೆ 600 ರೂಪಾಯಿ ಇದ್ದದ್ದನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್ 1ರಿಂದ 5,000 ಮಾಡಿತು. 20 ವರ್ಷ ದಾಟಿದ ಕಾರಿಗೆ 10,000 ಎಂದು 2025ರ ಆಗಸ್ಟಿನಲ್ಲಿ ಅಧಿಸೂಚನೆ ಹೊರಟಿತು. ರಾಜ್ಯದ ತೆರಿಗೆ, ಹಸಿರು ತೆರಿಗೆ ಬೇರೆ. 50 ವರ್ಷ ದಾಟಿದ, ಮೂಲ ರೂಪ ಕೆಡಿಸದ ಕಾರುಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ಬಂದಿದೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಆ ಕಾರಿನಲ್ಲಿ ದಿನಾ ಪೇಟೆಗೆ ಹೋಗುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿಗಳಿಗೆ ಮಾತ್ರ.

ದೂರದ ರಾಜ್ಯದ ಕಾಗದ ಹೊತ್ತು ಬರುವ ದೊಡ್ಡ ವಿದೇಶಿ ಜೀಪುಗಳ ಮೋಹದವರು 2025ರ ಸೆಪ್ಟೆಂಬರ್ 23ನ್ನು ನೆನಪಿಟ್ಟರೆ ಒಳ್ಳೆಯದು. ಭೂತಾನದಿಂದ ಅಕ್ರಮವಾಗಿ ತಂದು, ಸುಳ್ಳು ದಾಖಲೆಗಳಿಂದ ಭಾರತದ ನಂಬರ್ ಪಡೆದ ವಾಹನಗಳಿಗಾಗಿ ಕಸ್ಟಮ್ಸ್ ಅಧಿಕಾರಿಗಳು 'ನುಮ್‌ಖೋರ್' ಎಂಬ ಹೆಸರಿನಲ್ಲಿ ಕೇರಳದ ಹಲವೆಡೆ ತಪಾಸಣೆ ನಡೆಸಿದ ದಿನ ಅದು.

ಈ ಲೆಕ್ಕವನ್ನೆಲ್ಲ ಹಾಕಿದ ಮೇಲೆ ಹೊಸ ಕಾರಿನ ಬೆಲೆಯನ್ನೂ ಒಮ್ಮೆ ಕೇಳಿ ನೋಡಬಹುದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಎರಡು ಮೂರು ವರ್ಷದ ಹಳೆ ಕಾರಿಗೂ ಹೊಸದಕ್ಕೂ ನಡುವಿನ ಅಂತರ ಅಷ್ಟರ ಮಟ್ಟಿಗೆ ಸಣ್ಣದಾಯಿತು.

ಹಳತೇ ಬೇಕು, ಮಂಗಳೂರಿನದ್ದೇ ಬೇಕು ಎಂದು ಗಟ್ಟಿ ಮಾಡಿದವರು ಪೂರ್ತಿ ಹಣವನ್ನು ಒಂದೇ ದಿನ ಎಣಿಸಿ ಕೊಡಬೇಡಿ. ಒಂದು ಪಾಲು ಎನ್‌ಒಸಿ ಕೈಗೆ ಬರುವ ದಿನಕ್ಕೆ ಉಳಿದಿರಲಿ. ಕಾರು ಕೈ ಬದಲಾದ ತಾರೀಕು ಮಾತ್ರವಲ್ಲ, ಗಂಟೆಯನ್ನೂ ಬರೆದು ಇಬ್ಬರೂ ಸಹಿ ಮಾಡಿ. ವಿಮೆಯನ್ನು ಹದಿನಾಲ್ಕು ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೆ ಮಾಲಕನ ನೋ ಕ್ಲೈಮ್ ಬೋನಸ್ ಅವನ ಜೊತೆಗೇ ಹೋಗುತ್ತದೆ, ಹಾಗಾಗಿ ಪ್ರೀಮಿಯಂ ಸ್ವಲ್ಪ ಹೆಚ್ಚಿಗೆ ಬಂದೀತು.