ಮನೆಯೊಳಗೂ ಅಲ್ಪಸಂಖ್ಯಾತರಾದವರು: ವಿಶ್ವವಿದ್ಯಾಲಯದ ಸಂಪನ್ಮೂಲ ಕೇಂದ್ರ ಮತ್ತು ಕನ್ನಡ ಅಧ್ಯಾಪಕರು

ಅಲ್ಪಸಂಖ್ಯಾತ ಎಂಬ ಪದದ ಅರ್ಥವನ್ನು ಈ ಕೈಪಿಡಿಯ ಓದುಗರಿಗೆ ವಿವರಿಸಬೇಕಾಗಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಪ್ರದೇಶಗಳ ಕನ್ನಡ ಮಾಧ್ಯಮದ ಮಗು ಅರ್ಜಿ ನಮೂನೆಯಲ್ಲಿ, ಬಸ್ಸಿನ ಫಲಕದಲ್ಲಿ, ಕಚೇರಿಯ ಸುತ್ತೋಲೆಯಲ್ಲಿ ತನ್ನ ಭಾಷೆಯನ್ನು ಹುಡುಕುತ್ತಲೇ ಬೆಳೆಯುತ್ತದೆ. ಆದರೂ ಆ ಮಗುವಿಗೆ ಒಂದು ನೆಲೆಯಿದೆ. ಸಂಜೆ ಮನೆಗೆ ಮರಳಿದರೆ, ಮನೆಮಾತು ತುಳುವಾಗಿರಲಿ ಹವ್ಯಕ ಕನ್ನಡವಾಗಿರಲಿ, ಅದನ್ನಾಡುವ ತಾಯಿಯೋ ಅಜ್ಜಿಯೋ ಅಲ್ಲಿರುತ್ತಾರೆ. ಹೊರಗೆ ಅಲ್ಪಸಂಖ್ಯಾತನಾದವನು ಒಳಗೆ ಬಹುಸಂಖ್ಯಾತನಾಗುತ್ತಾನೆ. ಪ್ರೀತಿಯ ಒಲವಿನಲ್ಲಿ ಅಥವಾ ಲಿಂಗತ್ವದ ಅರಿವಿನಲ್ಲಿ ಹೆಚ್ಚಿನವರಿಗಿಂತ ಭಿನ್ನವಾದ ವಿದ್ಯಾರ್ಥಿಗೆ ಈ ಮರಳುವ ಮನೆಯೇ ಇಲ್ಲ. ತಂದೆ, ತಾಯಿ, ಅಣ್ಣ, ಅಕ್ಕ ಯಾರೂ ತನ್ನಂತಿಲ್ಲವೆಂಬುದನ್ನು ಅರಿತು, ಅರಿತದ್ದನ್ನು ಮುಚ್ಚಿಟ್ಟು ಆ ಮಗು ಊಟದ ಎಲೆಯ ಮುಂದೆ ಕೂರುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಇಂಥವರಿಗಾಗಿ ಸಂಪನ್ಮೂಲ ಕೇಂದ್ರಗಳು ಏಕೆ ಹುಟ್ಟಿದವು ಎಂಬುದನ್ನು ಇಲ್ಲಿಂದಲೇ ತಿಳಿಯಲು ಹೊರಡಬೇಕು.

ಮೊದಲು ಪದಗಳ ಮಾತು. ಎಲ್‌ಜಿಬಿಟಿ ಎಂಬ ಅಕ್ಷರಗಳು ಎರಡು ಬೇರೆ ಸಂಗತಿಗಳನ್ನು ಒಟ್ಟಿಗೆ ಸೂಚಿಸುತ್ತವೆ. ಒಬ್ಬ ವ್ಯಕ್ತಿಯ ಮನಸ್ಸು ಯಾರತ್ತ ಒಲಿಯುತ್ತದೆ ಎಂಬುದು ಒಂದು. ಗಂಡಸು ಗಂಡಸಿನತ್ತ, ಹೆಂಗಸು ಹೆಂಗಸಿನತ್ತ ಅಥವಾ ಇಬ್ಬರತ್ತಲೂ ಒಲಿಯುವವರು ಮೊದಲ ಮೂರು ಅಕ್ಷರಗಳಿಗೆ ಸೇರಿದವರು. ತಾನು ಯಾರು, ಗಂಡೋ ಹೆಣ್ಣೋ ಅಥವಾ ಎರಡರಲ್ಲೂ ನಿಲ್ಲದವರೋ ಎಂಬ ಒಳಗಿನ ಅರಿವು ಇನ್ನೊಂದು. ಹುಟ್ಟಿದಾಗ ಬರೆಸಿದ ಲಿಂಗಕ್ಕೂ ಈ ಅರಿವಿಗೂ ಹೊಂದಿಕೆಯಾಗದವರನ್ನು ಕೊನೆಯ ಅಕ್ಷರ ಹೇಳುತ್ತದೆ. ಹೆಣ್ಣಿನಂತೆ ನಡೆಯುವ ಹುಡುಗನೆಲ್ಲ ಸಲಿಂಗಪ್ರೇಮಿಯೆಂದೂ ಸಲಿಂಗಪ್ರೇಮಿಗಳೆಲ್ಲ ಹಾಗೆ ನಡೆಯುವರೆಂದೂ ತಿಳಿಯುವುದು ನಮ್ಮಲ್ಲಿ ಅತಿ ಸಾಮಾನ್ಯವಾದ ತಪ್ಪು. ಕನ್ನಡದಲ್ಲಿ ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬ ಪದ ಈಗ ಪತ್ರಿಕೆಗಳಲ್ಲಿ ರೂಢವಾಗಿದೆ. ‘ಸಲಿಂಗಕಾಮಿ’ ಎಂಬ ಹಳೆಯ ಪದ ಒಬ್ಬನ ಬಾಳನ್ನೆಲ್ಲ ಕಾಮಕ್ಕೆ ಇಳಿಸಿಬಿಡುವುದರಿಂದ ‘ಸಲಿಂಗಪ್ರೇಮಿ’ ಎಂಬುದನ್ನು ಹಲವರು ಮೆಚ್ಚುತ್ತಾರೆ. ಮಂಗಳಮುಖಿ, ಜೋಗಪ್ಪ ಮುಂತಾದವು ಆಯಾ ಸಮುದಾಯಗಳು ತಮ್ಮ ಪರಂಪರೆಯಿಂದ ಪಡೆದ ಹೆಸರುಗಳು. ವಿದ್ಯಾರ್ಥಿ ತಾನಾಗಿ ಹೇಳಿಕೊಳ್ಳದ ಹೊರತು ಅವನ್ನು ಅವನಿಗೆ ಅಥವಾ ಅವಳಿಗೆ ಅಂಟಿಸಲಾಗದು. ನಮ್ಮ ಶಾಲೆಯಂಗಳದಲ್ಲಿ ಓಡಾಡುವ ಉಳಿದ ಪದಗಳನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಅಧ್ಯಾಪಕರು ಅವನ್ನು ಬಲ್ಲರು, ಆ ಮಗುವೂ ಬಲ್ಲದು. ತನ್ನನ್ನು ಹೆಸರಿಸುವ ಪದವನ್ನು ಆ ಮಗು ಮಾತೃಭಾಷೆಯಲ್ಲಿ ಮೊದಲು ಕೇಳಿದ್ದು ಬೈಗುಳವಾಗಿಯೇ.

ಸಂಪನ್ಮೂಲ ಕೇಂದ್ರವೆಂದರೆ ನಮಗೆ ತಟ್ಟನೆ ನೆನಪಾಗುವುದು ತರಬೇತಿಗೆ ಹೋಗುವ ಬಿ.ಆರ್.ಸಿ. ವಿಶ್ವವಿದ್ಯಾಲಯದ ಈ ಕೇಂದ್ರದ ಆರಂಭ ಅದಕ್ಕಿಂತಲೂ ಬಡವಾಗಿತ್ತು. ಅಮೆರಿಕದ ಆ್ಯನ್ ಆರ್ಬರಿನಲ್ಲಿರುವ ಮಿಷಿಗನ್ ವಿಶ್ವವಿದ್ಯಾಲಯವು 1971ರಲ್ಲಿ, ಚಳವಳಿಗಾರರ ಒತ್ತಾಯಕ್ಕೆ ಮಣಿದು, ಜಿಮ್ ಟಾಯ್ ಮತ್ತು ಸಿಂಡಿ ಗೇರ್ ಎಂಬಿಬ್ಬರನ್ನು ಅರೆಕಾಲಿಕವಾಗಿ ನೇಮಿಸಿತು. ಸಲಿಂಗಪ್ರೇಮಿ ಹುಡುಗರಿಗೆ ಒಬ್ಬರು, ಹುಡುಗಿಯರಿಗೆ ಒಬ್ಬರು ಎಂಬುದು ಏರ್ಪಾಡು. ಅಮೆರಿಕದ ವಿದ್ಯಾಸಂಸ್ಥೆಗಳಲ್ಲಿ ಇದೇ ಮೊದಲ ಇಂಥ ಕಚೇರಿಯೆಂದು ಎಣಿಸಲಾಗುತ್ತದೆ. ಆಗಿನ ಕಾಲವನ್ನು ನೆನೆಯಬೇಕು. ಸಲಿಂಗಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘವು ರೋಗಗಳ ಪಟ್ಟಿಯಿಂದ ಕೈಬಿಟ್ಟದ್ದು ಅನಂತರ, 1973ರ ಡಿಸೆಂಬರಿನಲ್ಲಿ. ವಿಶ್ವವಿದ್ಯಾಲಯವು ತನ್ನ ತಾರತಮ್ಯ ವಿರೋಧಿ ನಿಯಮದಲ್ಲಿ ಲೈಂಗಿಕ ಒಲವನ್ನು ಸೇರಿಸಿದ್ದು 1993ರಲ್ಲಿ. ಎಂದರೆ ವೈದ್ಯಶಾಸ್ತ್ರ ಒಪ್ಪುವ ಮೊದಲೇ, ಸಂಸ್ಥೆಯ ನಿಯಮ ಬದಲಾಗುವುದಕ್ಕೆ 22 ವರ್ಷ ಮುಂಚೆಯೇ, ಬಂದವರ ಮಾತನ್ನು ಕೇಳಲು ಇಬ್ಬರು ಕುಳಿತಿದ್ದರು. ಆ ಕಚೇರಿ ಈಗ ಸ್ಪೆಕ್ಟ್ರಂ ಸೆಂಟರ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಇಂಥ ಕೇಂದ್ರದಲ್ಲಿ ನಡೆಯುವ ಕೆಲಸ ಹೊರಗಿನವರು ಊಹಿಸುವಷ್ಟು ವಿಚಿತ್ರವಾದುದಲ್ಲ. ಒಬ್ಬ ವಿದ್ಯಾರ್ಥಿ ಬಂದು ಕೂರುತ್ತಾನೆ. ಹೆಸರು ಹೇಳಬೇಕೆಂಬ ಕಡ್ಡಾಯವಿಲ್ಲ. ಮೊದಲ ದಿನ ಏನೂ ಹೇಳದೆ ಪುಸ್ತಕವೊಂದನ್ನು ತಿರುವಿ ಎದ್ದು ಹೋಗುವವರುಂಟು. ಹಾಸ್ಟೆಲಿನ ಕೋಣೆಯಲ್ಲಿ ಪೀಡನೆಯಾದರೆ ದೂರು ಬರೆಯಲು, ದಾಖಲೆಗಳಲ್ಲಿ ಹೆಸರು ಮತ್ತು ಲಿಂಗವನ್ನು ತಿದ್ದಿಸಿಕೊಳ್ಳಲು, ಮನೆಯವರು ಹಣ ಕಳಿಸುವುದನ್ನು ನಿಲ್ಲಿಸಿದಾಗ ಶುಲ್ಕಕ್ಕೆ ದಾರಿ ಹುಡುಕಲು ಕೇಂದ್ರ ನೆರವಾಗುತ್ತದೆ. ಅಧ್ಯಾಪಕರಿಗೂ ಹಾಸ್ಟೆಲಿನ ಮೇಲ್ವಿಚಾರಕರಿಗೂ ತರಬೇತಿ ನೀಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತನ್ನಂಥ ಇನ್ನೊಬ್ಬರನ್ನು ವಿದ್ಯಾರ್ಥಿ ಅಲ್ಲಿ ಜೀವನದಲ್ಲಿ ಮೊದಲ ಸಲ ಕಾಣುತ್ತಾನೆ. ಇಲ್ಲಿ ಆಡಿದ ಮಾತು ಈ ಬಾಗಿಲು ದಾಟುವುದಿಲ್ಲ ಎಂಬ ನಂಬಿಕೆ ಒಮ್ಮೆ ಮುರಿದರೆ ಮಾತ್ರ ಎಷ್ಟೇ ಪುಸ್ತಕಗಳಿದ್ದರೂ ಆ ಕೋಣೆಗೆ ಯಾರೂ ಬರುವುದಿಲ್ಲ.

ನಮ್ಮ ದೇಶದಲ್ಲಿ ಇದೇ ಹೆಸರಿನ ಕೇಂದ್ರ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಇಲ್ಲ. ಆದರೆ ಅದರ ಕೆಲಸಗಳಿಗೆ ಬೇಕಾದ ಆಧಾರಗಳು ಒಂದೊಂದಾಗಿ ಬಂದಿವೆ. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ ತೃತೀಯ ಲಿಂಗವನ್ನು ಅಂಗೀಕರಿಸಿತು. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. ಕೇರಳವು 2015ರಲ್ಲಿ, ದೇಶದ ರಾಜ್ಯಗಳಲ್ಲೇ ಮೊದಲನೆಯದಾಗಿ, ಟ್ರಾನ್ಸ್‌ಜೆಂಡರ್ ನೀತಿಯನ್ನು ಪ್ರಕಟಿಸಿತು. 2018ರಲ್ಲಿ ವಿಶ್ವವಿದ್ಯಾಲಯಗಳಲ್ಲೂ ಕಲೆ ಮತ್ತು ವಿಜ್ಞಾನ ಕಾಲೇಜುಗಳಲ್ಲೂ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳಿಗೆ ಎರಡು ಹೆಚ್ಚುವರಿ ಸೀಟುಗಳನ್ನು ನೀಡಲು ಸರಕಾರ ಆದೇಶಿಸಿತು. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯವು 2015ರಲ್ಲೇ, ವಿದ್ಯಾರ್ಥಿಯೊಬ್ಬರ ಕೋರಿಕೆಯಂತೆ, ಗಂಡು ಹೆಣ್ಣೆಂಬ ಸೂಚನೆಯಿಲ್ಲದ ಪೂರ್ವಪದ ಬಳಸಿ ಪದವಿಪತ್ರ ಕೊಟ್ಟಿತು.

ಅಧ್ಯಾಪಕರು ತಪ್ಪದೆ ತಿಳಿದಿರಬೇಕಾದ ಇನ್ನೊಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರ ರ‍್ಯಾಗಿಂಗ್ ತಡೆ ನಿಯಮಾವಳಿಗೆ 2016ರಲ್ಲಿ ತಿದ್ದುಪಡಿ ತಂದು, ಲೈಂಗಿಕ ಒಲವು ಅಥವಾ ಲಿಂಗತ್ವದ ಕಾರಣಕ್ಕೆ ನೀಡುವ ದೈಹಿಕ, ಮಾನಸಿಕ ಹಿಂಸೆಯನ್ನೂ ರ‍್ಯಾಗಿಂಗ್ ಎಂದೇ ಪರಿಗಣಿಸಿದೆ. ನಡಿಗೆಯನ್ನು ಅಣಕಿಸಿ ಒಬ್ಬನನ್ನು ದಿನವೂ ಹಿಂಸಿಸುವುದನ್ನು ಹಾಸ್ಟೆಲಿನ ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಕಾಲೇಜಿನ ರ‍್ಯಾಗಿಂಗ್ ವಿರೋಧಿ ಸಮಿತಿಗೆ ದೂರು ಕೊಡಬಹುದು. ಪ್ಲಸ್ ಟು ಮುಗಿಸಿ ಹೊರಡುವ ಮಕ್ಕಳಿಗೆಲ್ಲ ಈ ಮಾತನ್ನು ತರಗತಿಯಲ್ಲೇ ಒಮ್ಮೆ ಹೇಳಿಬಿಟ್ಟರೆ, ಯಾರನ್ನೂ ಬೊಟ್ಟುಮಾಡದೆ, ಕೇಳಬೇಕಾದವರು ಕೇಳಿಸಿಕೊಂಡಿರುತ್ತಾರೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಆರಂಭದ ವರ್ಷಗಳಲ್ಲಿ ಪ್ಲಸ್ ವನ್ ತರಗತಿಯ ಹುಡುಗನೊಬ್ಬ ಪಾಠ ಮುಗಿದ ಮೇಲೆ ಉಳಿದುಕೊಂಡು, “ಮಾಷ್ಟ್ರೇ, ನಾನು ಬೇರೆಯವರ ಹಾಗೆ ಇಲ್ಲ” ಎಂದು ಆರಂಭಿಸಿ, ಬಹಳ ಹೊತ್ತು ತಡೆದು ತಡೆದು ಮಾತಾಡಿದ. ನಾನು ಸಮಾಧಾನ ಹೇಳಿದೆ. ಒಳ್ಳೆಯದಾಗಲೆಂದೇ ಮರುದಿನ ಅವನ ಸೋದರಮಾವನನ್ನು ಕರೆಸಿ ವಿಷಯ ತಿಳಿಸಿದೆ. ಅವರು ಶಾಂತವಾಗಿ ಕೇಳಿ, ನಮಸ್ಕರಿಸಿ ಹೋದರು. ಮುಂದಿನ ವಾರ ಹುಡುಗ ಶಾಲೆಗೆ ಬರಲಿಲ್ಲ. ದೂರದ ಊರಿನಲ್ಲಿ ಸಂಬಂಧಿಕರ ಅಂಗಡಿಗೆ ಅವನನ್ನು ಕಳಿಸಿದರೆಂದು ಸಹಪಾಠಿಗಳಿಂದ ತಿಳಿಯಿತು. ಕನ್ನಡದಲ್ಲಿ ತರಗತಿಗೆ ಮೊದಲಿಗನಾಗಿದ್ದ ಅವನ ಓದು ಅಲ್ಲಿಗೆ ನಿಂತಿತು. ನಾನು ಯಾವ ದುರುದ್ದೇಶದಿಂದಲೂ ಮಾತಾಡಿರಲಿಲ್ಲ. ಆದರೆ ಅವನು ನನಗೊಬ್ಬನಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವ ಅಧಿಕಾರ ನನಗಿದೆಯೇ ಎಂದು ಆ ದಿನ ನಾನು ಕೇಳಿಕೊಳ್ಳಲೇ ಇಲ್ಲ.

ಹೆತ್ತವರು ಮಕ್ಕಳ ಶತ್ರುಗಳೆಂದು ಇದರ ಅರ್ಥವಲ್ಲ. ಅವರಿಗೂ ತಿಳಿವಳಿಕೆ ಬೇಕು, ಸಮಯ ಬೇಕು. ಆದರೆ ಯಾವಾಗ, ಯಾರಿಗೆ, ಎಷ್ಟು ಹೇಳಬೇಕೆಂಬುದನ್ನು ನಿರ್ಧರಿಸಬೇಕಾದವರು ವಿದ್ಯಾರ್ಥಿಯೇ. ಕೇಳಿಕೊಂಡರೆ ಅಧ್ಯಾಪಕರು ಜತೆಗೆ ಕೂರಬಹುದು. ಈ ಗುಟ್ಟಿಗೆ ಎಲ್ಲೆಯೂ ಉಂಟು. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ 2012ರ ಪೋಕ್ಸೋ ಕಾಯಿದೆಯಂತೆ ಅದನ್ನು ವರದಿ ಮಾಡಲೇಬೇಕು. ಮಗು ಪ್ರಾಣ ಕಳೆದುಕೊಳ್ಳುವ ಮಾತಾಡಿದರೆ ಒಬ್ಬಂಟಿಯಾಗಿ ಬಿಡಲಾಗದು. ಮಾತಿನ ಆರಂಭದಲ್ಲೇ ಈ ಎರಡು ಎಲ್ಲೆಗಳನ್ನು ತಿಳಿಸಿ, ಉಳಿದುದೆಲ್ಲ ನಮ್ಮಲ್ಲೇ ಇರುತ್ತದೆ ಎನ್ನುವುದು ಪ್ರಾಮಾಣಿಕವಾದ ಕ್ರಮ.

ಇದನ್ನು ರೋಗವೆಂದು ತಿಳಿದು ‘ಸರಿಪಡಿಸುವ’ ಚಿಕಿತ್ಸೆಗೆ ಮಕ್ಕಳನ್ನು ಕೊಂಡೊಯ್ಯುವ ಮನೆಗಳು ಈಗಲೂ ಇವೆ. ಭಾರತೀಯ ಮನೋವೈದ್ಯರ ಸಂಘವು ಸಲಿಂಗಪ್ರೇಮ ಮಾನಸಿಕ ಕಾಯಿಲೆಯಲ್ಲವೆಂದು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು 2021ರಲ್ಲಿ, ಇಬ್ಬರು ತರುಣಿಯರ ಪ್ರಕರಣದ ವಿಚಾರಣೆಯ ನಡುವೆ, ಈ ವಿಷಯದಲ್ಲಿ ತಮ್ಮ ತಿಳಿವಳಿಕೆ ಸಾಲದೆಂದು ಒಪ್ಪಿಕೊಂಡು ತಾವೇ ಮನಶ್ಶಾಸ್ತ್ರಜ್ಞರೊಬ್ಬರಿಂದ ಪಾಠ ಹೇಳಿಸಿಕೊಳ್ಳಲು ಮುಂದಾದರು. ಆಮೇಲೆ ಜೂನ್ 7ರಂದು ಅವರು ನೀಡಿದ ಆದೇಶವು ಇಂಥ ಚಿಕಿತ್ಸೆಯ ಯತ್ನಗಳನ್ನು ನಿಷೇಧಿಸಿತು, ಶಾಲಾ ಕಾಲೇಜುಗಳಲ್ಲಿ ಅರಿವು ಮೂಡಿಸಬೇಕೆಂದೂ ಹೇಳಿತು. ಅದರ ಮುಂದುವರಿಕೆಯಾಗಿ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆಯೆಂದು ಪರಿಗಣಿಸಿತು. ತಾಳವಾಡಿ, ಹೊಸೂರುಗಳ ನಮ್ಮ ಸಹೋದ್ಯೋಗಿಗಳು ಆ ಆದೇಶವನ್ನು ಓದಿಕೊಂಡಿರುವುದು ಒಳ್ಳೆಯದು.

ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇನ್ನೊಂದು ತೊಡಕಿದೆ. ಕಾಸರಗೋಡಿನಿಂದ ದಕ್ಷಿಣಕ್ಕೆ ಹೋದಷ್ಟೂ ಆಪ್ತಸಮಾಲೋಚನೆಯ ಭಾಷೆ ಮಲೆಯಾಳವೋ ಇಂಗ್ಲಿಷೋ ಆಗಿರುತ್ತದೆ. ಬ್ಯಾಂಕಿನಲ್ಲಿ, ಬಸ್ಸಿನಲ್ಲಿ ಸಲೀಸಾಗಿ ಮಲೆಯಾಳ ಆಡುವ ಹುಡುಗಿಯೂ ಮನಸ್ಸಿನ ಸಂಕಟವನ್ನು ಎರಡನೆಯ ಭಾಷೆಯಲ್ಲಿ ಹೇಳಹೊರಟಾಗ ಅರ್ಧಕ್ಕೆ ನಿಲ್ಲುತ್ತಾಳೆ. ಇತ್ತ ಕನ್ನಡ ಬಲ್ಲ ಸಮಾಲೋಚಕರು ಸಿಕ್ಕಿದರೆ ಅವರು ಊರಿನವರೇ, ಮನೆಯವರ ಪರಿಚಯದವರೇ ಆಗಿಬಿಡುತ್ತಾರೆ. ಸಣ್ಣ ಭಾಷಾ ಸಮುದಾಯದಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತಿರುವುದು ಉಳಿದೆಲ್ಲ ಸಂದರ್ಭಗಳಲ್ಲಿ ಬಲ. ಇಲ್ಲಿ ಮಾತ್ರ ಅದೇ ಭಯದ ಮೂಲ. ಈ ಇಕ್ಕಟ್ಟಿಗೆ ಒಂದು ಉಪಾಯವೆಂದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿಮಾನಸ್ ದೂರವಾಣಿ ಸೇವೆ. 14416 ಎಂಬ ಸಂಖ್ಯೆಗೆ ಶುಲ್ಕವಿಲ್ಲದೆ ಕರೆ ಮಾಡಬಹುದು. ಅದು ಬಳಸುವ ಭಾಷೆಗಳಲ್ಲಿ ಕನ್ನಡವೂ ಒಂದು. ಕೇರಳದ ಹೈಯರ್ ಸೆಕೆಂಡರಿ ಶಾಲೆಗಳ ಸೌಹೃದ ಕ್ಲಬ್ಬು, ಸರಕಾರಿ ಕಾಲೇಜುಗಳ ‘ಜೀವನಿ’ ಸಮಾಲೋಚನಾ ಯೋಜನೆ ಹತ್ತಿರದ ಬಾಗಿಲುಗಳು. ಕಳಿಸುವ ಮೊದಲು ಅಲ್ಲಿ ಕುಳಿತವರು ಎಂಥವರೆಂದು ಅಧ್ಯಾಪಕರು ಸ್ವತಃ ಹೋಗಿ, ವಿದ್ಯಾರ್ಥಿಯ ಹೆಸರೆತ್ತದೆ, ಮಾತಾಡಿ ತಿಳಿದುಕೊಳ್ಳಬೇಕು. ಪ್ರವೇಶದ ಅರ್ಜಿ ಮಲೆಯಾಳದಲ್ಲಿದ್ದರೆ ಅದರಲ್ಲಿ ಲಿಂಗದ ಅಂಕಣ ಬಂದಾಗ ಕೂಗಿ ಕೇಳದೆ ನಮೂನೆಯನ್ನೇ ಅವರ ಕೈಗೆ ಕೊಟ್ಟು ಬರೆಯಲು ಬಿಡಬೇಕು.

ಗ್ರಂಥಾಲಯದ ಬಗ್ಗೆ ಹೇಳದಿದ್ದರೆ ಕನ್ನಡ ಅಧ್ಯಾಪಕರ ಕೆಲಸದ ಮುಖ್ಯ ಭಾಗವೇ ಬಿಟ್ಟುಹೋದೀತು. ಬೈಗುಳವಲ್ಲದ ಕನ್ನಡದಲ್ಲಿ ತನ್ನಂಥವರ ಬಾಳನ್ನು ಓದಲು ಈಗ ಪುಸ್ತಕಗಳಿವೆ. ಬಳ್ಳಾರಿ ಸೀಮೆಯ ಸಂಡೂರಿನವರಾದ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ 2013ರಲ್ಲಿ ಬಂದಿತು, ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಜೋಗತಿ ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ, ಪದ್ಮಶ್ರೀ ಪಡೆದ ವೃತ್ತಾಂತವನ್ನು ಜಾನಪದದ ಪಾಠದಲ್ಲಿ ಯಾವ ಪೀಠಿಕೆಯೂ ಇಲ್ಲದೆ ಹೇಳಬಹುದು. ಮೊದಲೆರಡು ಪುಸ್ತಕಗಳು ಬಲಿತ ಓದುಗರಿಗಾಗಿ ಬರೆದಂಥವು. ಕಾಲೇಜಿನ ಕನ್ನಡ ವಿಭಾಗದ ಕಪಾಟೇ ಅವುಗಳಿಗೆ ತಕ್ಕ ಸ್ಥಳ. ಅವನ್ನು ತರಿಸುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಎರವಲು ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ಆ ಶೀರ್ಷಿಕೆಯನ್ನು ಬರೆಸಿಕೊಳ್ಳಲು ಯಾವ ವಿದ್ಯಾರ್ಥಿಯೂ ಒಪ್ಪಲಾರ. ಒಂದು ಪ್ರತಿಯನ್ನು ವಾಚನ ಕೊಠಡಿಯ ತೆರೆದ ಕಪಾಟಿನಲ್ಲಿ, ಬೇರೆ ಕಥಾಸಂಕಲನಗಳ ನಡುವೆ ಇಟ್ಟು, ಅದು ಕೆಲವು ದಿನ ಅಲ್ಲಿ ಕಾಣದಿದ್ದರೆ ವಿಚಾರಿಸದೆ ಇರುವುದು ಲೇಸು.