ನಿಮಗಿದು ಗೊತ್ತೆ? ಎಳವೆಯಲ್ಲಿ ಕುಡಿದ ನೀರು, ದೊಡ್ಡವರಾದ ಮೇಲೆ ಕಾಯಿಲೆ

● ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಪ್ ಕಾಡ್ ಪ್ರದೇಶದಲ್ಲಿ 1960ರ ದಶಕದ ಕೊನೆಯಿಂದ 1980ರವರೆಗೆ ಹಾಕಿದ ಅನೇಕ ನೀರಿನ ಕೊಳವೆಗಳ ಒಳಮೈಗೆ ವಿನೈಲ್ ಲೇಪನವಿತ್ತು. ಅದನ್ನು ಬಳಿಯಲು ಬಳಸಿದ್ದು ಪಿಸಿಇ ಎಂಬ ದ್ರಾವಕ. ಅನೇಕ ಡ್ರೈಕ್ಲೀನಿಂಗ್ ಅಂಗಡಿಗಳಲ್ಲಿ ಬಟ್ಟೆ ಶುಚಿಗೊಳಿಸಲೂ ಇದನ್ನು ಬಳಸಿದ್ದುಂಟು.

● ಲೇಪನ ಒಣಗಿದಾಗ ದ್ರಾವಕ ಆವಿಯಾಗಿ ಹೋಗುತ್ತದೆ ಎಂದು ಭಾವಿಸಲಾಗಿತ್ತು. ಆದರೆ ಒಳಗೇ ಉಳಿದ ಪಿಸಿಇ ವರ್ಷಗಟ್ಟಲೆ ಕುಡಿಯುವ ನೀರಿಗೆ ಸೇರುತ್ತಿತ್ತು. ಕೊಳವೆ ಕೊನೆಗೊಳ್ಳುವ, ಹರಿವು ಕಡಿಮೆಯಿರುವ ಬೀದಿಗಳಲ್ಲಿ ಅದರ ಪ್ರಮಾಣ ಹೆಚ್ಚಿತ್ತು. ಇದು ಪತ್ತೆಯಾದದ್ದು 1980ರಲ್ಲಿ.

● ತಾಯಿಯ ಗರ್ಭದಲ್ಲಿದ್ದಾಗ ಮತ್ತು ಮೊದಲ 5 ವರ್ಷಗಳಲ್ಲಿ ಈ ನೀರಿಗೆ ಒಡ್ಡಿಕೊಂಡವರು ದೊಡ್ಡವರಾದ ಮೇಲೆ ಬಾಸ್ಟನ್ ವಿಶ್ವವಿದ್ಯಾಲಯದ ಆನ್ ಆಶೆಂಗ್ರೌ ಮತ್ತು ಸಂಗಡಿಗರು ಅವರನ್ನು ಅಧ್ಯಯನ ಮಾಡಿದರು. 2012ರ ವರದಿಯಂತೆ, ಉಳಿದವರಿಗೆ ಹೋಲಿಸಿದರೆ ಇವರಲ್ಲಿ ಬೈಪೋಲಾರ್ ಕಾಯಿಲೆಯ ಅಪಾಯ ಸುಮಾರು 1.8 ಪಟ್ಟು, ಆಘಾತೋತ್ತರ ಮಾನಸಿಕ ಒತ್ತಡದ ಅಪಾಯ ಸುಮಾರು 1.5 ಪಟ್ಟು.

● ಬಣ್ಣಗಳನ್ನು ಗುರುತಿಸುವುದರಲ್ಲೂ ಕೆಲವರು ಹೆಚ್ಚು ತಪ್ಪು ಮಾಡಿದರು. ಮಾದಕ ವಸ್ತು ಬಳಕೆಯೂ ಹೆಚ್ಚಿತ್ತು. ಖಿನ್ನತೆಯಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಈ ಫಲಿತಾಂಶಗಳು ನಂಟನ್ನು ತೋರಿಸುತ್ತವೆ. ಕಾರಣ ಇದೇ ಎಂದು ಸಾಬೀತುಪಡಿಸುವುದಿಲ್ಲ.

● ಮಕ್ಕಳಿಗೇ ಏಕೆ ಹೆಚ್ಚು ಅಪಾಯ? ಅವರ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. ಅಲ್ಲದೆ, ದೇಹದ ತೂಕಕ್ಕೆ ಹೋಲಿಸಿದರೆ ಅವರು ದೊಡ್ಡವರಿಗಿಂತ ಹೆಚ್ಚು ನೀರು ಕುಡಿಯುತ್ತಾರೆ.

● ಅಮೆರಿಕದಲ್ಲಿ ಕುಡಿಯುವ ನೀರಿನಲ್ಲಿ ಪಿಸಿಇಗೆ ಇರುವ ಮಿತಿ ಲೀಟರಿಗೆ 5 ಮೈಕ್ರೊಗ್ರಾಂ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ದ್ರಾವಕವಿಲ್ಲ ಎನ್ನಲಾಗದು. ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು.