ಹತ್ತನೆಯವರು ಯಾರು?



ಪೆನಾಂಗಿಗೆ ಹೋದಾಗ ಜಾರ್ಜ್‌ಟೌನಿನ ಜಲಾನ್ ಜೈನಲ್ ಅಬಿದಿನ್ ಕಡೆಗೂ ಒಮ್ಮೆ ಹೋಗಿ ಬನ್ನಿ. ಅದರ ಹಳೆಯ ಹೆಸರು ಜಲಾನ್ ಯಹೂದಿ, ಅಂದರೆ ಯಹೂದಿ ರಸ್ತೆ. ಅಲ್ಲಿನ ಯಹೂದಿ ಸ್ಮಶಾನದ ಅತ್ಯಂತ ಹಳೆಯ ಸಮಾಧಿ 1835ರದು.

ಬಾಗ್ದಾದ್ ಮೂಲದ ಯಹೂದಿಗಳು ವ್ಯಾಪಾರಕ್ಕೆಂದು ಬಂದು ಈ ಊರಿನಲ್ಲಿ ನೆಲೆಸಿದ್ದರು. 1929ರಲ್ಲಿ ನಾಗೂರ್ ರಸ್ತೆಯಲ್ಲಿ ಸಿನಗಾಗ್ ಎಂಬ ತಮ್ಮ ಪ್ರಾರ್ಥನಾ ಮಂದಿರವನ್ನು ತೆರೆದರು.

ಅವರ ಧರ್ಮಗ್ರಂಥ ತೋರಾ. ಅದನ್ನು 54 ಭಾಗ ಮಾಡಿಕೊಂಡು ಪ್ರತಿ ಶನಿವಾರ ಓದುತ್ತಾ ವರ್ಷಕ್ಕೊಮ್ಮೆ ಮುಗಿಸುತ್ತಾರೆ. ಮುಗಿಸುವ ದಿನ ಸಿಂಹತ್ ತೋರಾ ಹಬ್ಬ. ಅಂದೇ ಮತ್ತೆ ಮೊದಲಿನಿಂದ ಆರಂಭ! ಸಂಪ್ರದಾಯದ ಪ್ರಕಾರ ಈ ಪಾರಾಯಣಕ್ಕೆ 13 ವರ್ಷ ತುಂಬಿದ ಗಂಡಸರು ಹತ್ತು ಮಂದಿ ಸೇರಲೇಬೇಕು. ಇದಕ್ಕೆ ಮಿನ್ಯಾನ್ ಎನ್ನುತ್ತಾರೆ. ನಮ್ಮ ಆಫೀಸುಗಳಲ್ಲಿ ಇಬ್ಬರು ಬಂದರೂ ಮೀಟಿಂಗ್ ನಡೆದುಬಿಡುತ್ತದೆ; ಇಲ್ಲಿ ಹಾಗಲ್ಲ, ಒಂಬತ್ತು ಮಂದಿ ಬಂದರೂ ಸಾಲದು.

ಒಬ್ಬೊಬ್ಬರಾಗಿ ಊರು ಬಿಟ್ಟರು. 1976ರ ಹೊತ್ತಿಗೆ ಹತ್ತು ಮಂದಿ ಸೇರುವುದೇ ಕಷ್ಟವಾಗಿ ಸಿನಗಾಗ್ ಮುಚ್ಚಿತು. ಪೆನಾಂಗಿನ ಕೊನೆಯ ಯಹೂದಿ ಎಂದೇ ಹೆಸರಾಗಿದ್ದ ಡೇವಿಡ್ ಮೊರ್ದೆಕಾಯ್ 2011ರಲ್ಲಿ ತೀರಿಕೊಂಡರು.

ಮಕ್ಕಳ ಕನ್ನಡ ತರಗತಿಯ ದಿನ "ಇದೊಂದು ವಾರ ಬಿಡೋಣ" ಅನಿಸಿದಾಗ ಈ ಲೆಕ್ಕ ನೆನಪಿರಲಿ. ಹತ್ತನೆಯವರು ನಾವೇ ಆಗಿರಬಹುದು, ಅಲ್ಲವೇ?